ಮುಳ್ಳು, ಬಟ್ಟೆ ಮತ್ತು ಗಂಡಸರೆಲ್ಲ ಹಾಗಲ್ಲ ಎಂಬ ಮಾತು

ಹೆಣ್ಣೊಬ್ಬಳಿಗೆ ಕಿರುಕುಳವಾದ ಸುದ್ದಿ ಕಿವಿಗೆ ಬಿದ್ದ ಕೂಡಲೇ ಮೂರು ಮಾತು ಹುಟ್ಟುತ್ತವೆ. 'ಅಷ್ಟು ಹೊತ್ತಲ್ಲಿ ಅಲ್ಲೇನು ಕೆಲಸ ಅವಳಿಗೆ?' 'ಗಂಡಸರೆಲ್ಲ ಹಾಗಿರಲ್ಲ.' 'ಗಂಡಸರ ಬುದ್ಧಿಯೇ ಇಷ್ಟು.' ಕೇಳಲಿಕ್ಕೆ ಮೂರೂ ಒಂದಕ್ಕೊಂದು ವಿರುದ್ಧ. ಆದರೆ ಮೂರರಲ್ಲೂ ಇಲ್ಲದವನು ಒಬ್ಬನೇ: ಕಿರುಕುಳ ಕೊಟ್ಟವನು. ಮೊದಲನೆಯದು ಅವಳತ್ತ ನೋಡುತ್ತದೆ, ಎರಡನೆಯದು ಕಿರುಕುಳ ಕೊಡದವರತ್ತ, ಮೂರನೆಯದು ಅವನನ್ನು ಗುಂಪಿನೊಳಗೆ ಬಚ್ಚಿಡುತ್ತದೆ.

ನಮ್ಮ ವಾಕ್ಯಗಳೂ ಇದಕ್ಕೆ ಕೈಜೋಡಿಸುತ್ತವೆ. 'ಅವಳ ಮೇಲೆ ದೌರ್ಜನ್ಯ ನಡೆಯಿತು' ಅಂದರೆ ಮಳೆ ಬಂತು ಅಂದ ಹಾಗೆ, ಮಾಡಿದವರೇ ಇಲ್ಲ. 'ಅವನು ಅವಳ ಮೈಮೇಲೆ ಕೈ ಹಾಕಿದ' ಎಂದು ಹೇಳಿ ನೋಡಿ, ಮುಂದಿನ ಪ್ರಶ್ನೆ ತಾನಾಗಿ ಅವನ ಬಗ್ಗೆಯೇ ಬರುತ್ತದೆ. ಮುಳ್ಳು ಬಟ್ಟೆಯ ಮೇಲೆ ಬಿದ್ದರೂ ಬಟ್ಟೆ ಮುಳ್ಳಿನ ಮೇಲೆ ಬಿದ್ದರೂ ಹರಿಯುವುದು ಬಟ್ಟೆಯೇ ಎಂಬ ಗಾದೆಯಿದೆಯಲ್ಲ, ಅದರ ತಪ್ಪೂ ಇಲ್ಲೇ ಇದೆ. ಮುಳ್ಳಿಗೆ ಮನಸ್ಸಿಲ್ಲ, ಆಯ್ಕೆಯಿಲ್ಲ. ಕೈ ಹಾಕಿದವನಿಗೆ ಎರಡೂ ಇದ್ದವು.

ದೂಷಣೆ ಕೆಟ್ಟ ಮನಸ್ಸಿನವರಿಂದಲೇ ಬರುತ್ತದೆ ಎಂದುಕೊಳ್ಳುವುದು ತಪ್ಪು. ಮನಶ್ಶಾಸ್ತ್ರಜ್ಞೆ ರೋನಿ ಜಾನಾಫ್-ಬುಲ್ಮನ್ ಮತ್ತು ಜೊತೆಗಾರರು 1985ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಓದುಗರಿಗೆ ಒಂದೇ ಕಥೆ ಕೊಟ್ಟಿದ್ದರು. ಅದೇ ಹೆಣ್ಣು, ಅದೇ ನಡೆನುಡಿ, ಅಂತ್ಯ ಮಾತ್ರ ಬೇರೆ. ಅತ್ಯಾಚಾರದಲ್ಲಿ ಮುಗಿದ ಕಥೆಯನ್ನು ಓದಿದವರು ಅವಳ ನಡವಳಿಕೆಯಲ್ಲಿ ಹೆಚ್ಚು ತಪ್ಪು ಕಂಡರು. ಅಂತ್ಯ ಗೊತ್ತಾದ ಮೇಲೆ ಹಿಂದಿನ ಪ್ರತಿ ಹೆಜ್ಜೆಯೂ ಆ ಅಂತ್ಯಕ್ಕೇ ಒಯ್ಯುತ್ತಿತ್ತು ಎಂದು ಕಾಣುತ್ತದೆ. ಅದೇ ದಾರಿಯಲ್ಲಿ ನೂರು ಸಲ ಕ್ಷೇಮವಾಗಿ ಮನೆ ಸೇರಿದ್ದು ಯಾರಿಗೂ ನೆನಪಾಗುವುದಿಲ್ಲ. ಆಪ್ತರ ಬಾಯಿಂದ ಇಂಥ ಪ್ರಶ್ನೆ ಬರುವಾಗ ಅದರ ಹಿಂದೆ ಭಯವೂ ಇರುತ್ತದೆ: ಅವಳ ತಪ್ಪೊಂದು ಸಿಕ್ಕರೆ, ಆ ತಪ್ಪು ಮಾಡದ ನಮ್ಮ ಮಗಳು ಕ್ಷೇಮ ಎಂಬ ಸಮಾಧಾನ.

ಹಾಗಾದರೆ ಎಚ್ಚರಿಕೆ ಹೇಳಲೇಬಾರದೇ? ಹೇಳಬೇಕು, ಆದರೆ ಹೊತ್ತು ನೋಡಿ. ಘಟನೆಗೆ ಮುಂಚೆ ಹೇಳಿದರೆ ಅದು ಸಲಹೆ. ಅದೇ ಮಾತು ಘಟನೆಯಾದ ಮಾರನೆಯ ದಿನ ಆರೋಪ. ಎರಡನೆಯ ಪರೀಕ್ಷೆ, ಸಲಹೆ ಅವಳ ಬದುಕನ್ನು ಹಿಗ್ಗಿಸುತ್ತದೋ ಕುಗ್ಗಿಸುತ್ತದೋ ಎಂಬುದು. 'ಹೋಗಬೇಡ, ಹಾಕಬೇಡ, ಮಾತಾಡಬೇಡ' ಎಂಬವುಗಳಿಗೆ ಕೊನೆಯಿಲ್ಲ, ಜೊತೆಗೆ ಗುರಿಯೂ ತಪ್ಪು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು 3 ಹೆಂಗಸರಲ್ಲಿ ಒಬ್ಬರು ಜೀವಮಾನದಲ್ಲಿ ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಯನ್ನೋ, ಇತರರಿಂದ ಲೈಂಗಿಕ ಹಿಂಸೆಯನ್ನೋ ಅನುಭವಿಸಿದ್ದಾರೆ. ಸಂಗಾತಿಯಲ್ಲದವರಿಂದ ಲೈಂಗಿಕ ಹಿಂಸೆಗೆ ಗುರಿಯಾದವರು ಶೇ 6ರಷ್ಟು. ಆ ಇತರರಲ್ಲೂ ಪರಿಚಯಸ್ಥರು ಕಡಿಮೆಯೇನಲ್ಲ. ಕತ್ತಲೆಯ ಬೀದಿಯೊಂದನ್ನೇ ಮನಸ್ಸಿನಲ್ಲಿಟ್ಟು ಕೊಡುವ ಸಲಹೆ ಹೆಚ್ಚಿನ ಅಪಾಯವನ್ನು ಮುಟ್ಟುವುದೇ ಇಲ್ಲ.

ಕೆಲಸ ಮಾಡುವ ತರಬೇತಿ ಹೇಗಿರುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ. ಕೆನಡಾದಲ್ಲಿ ಷಾರ್ಲೀನ್ ಸೆನ್ ನೇತೃತ್ವದ ತಂಡ ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ತಲಾ 3 ಗಂಟೆಯ ನಾಲ್ಕು ತರಗತಿ ನಡೆಸಿತು, ಇನ್ನೊಂದಕ್ಕೆ ಕರಪತ್ರ ಕೊಟ್ಟಿತು. ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. ಒಂದು ವರ್ಷದಲ್ಲಿ ಅತ್ಯಾಚಾರಕ್ಕೊಳಗಾದ ಪ್ರಮಾಣ ಕರಪತ್ರದ ಗುಂಪಿನಲ್ಲಿ ಶೇ 9.8, ತರಬೇತಿಯ ಗುಂಪಿನಲ್ಲಿ ಶೇ 5.2. ಅಲ್ಲಿ ಬಟ್ಟೆಯ ಪಾಠವಿರಲಿಲ್ಲ. ಪರಿಚಯದ ಗಂಡಸು ಯಾವ ನಡೆಯಿಂದ ಅಪಾಯ ತರುತ್ತಾನೆ ಎಂದು ಗುರುತಿಸುವುದು, 'ಅವನಿಗೆ ಬೇಜಾರಾದೀತು' ಎಂಬ ಸಂಕೋಚವನ್ನು ಮೀರುವುದು, ಬಾಯಿಂದಲೂ ಮೈಯಿಂದಲೂ ಪ್ರತಿರೋಧಿಸುವುದು, ತನಗೇನು ಬೇಕು ಎಂದು ತಾನೇ ಸ್ಪಷ್ಟಪಡಿಸಿಕೊಳ್ಳುವುದು, ಇವು ಪಾಠಗಳು.

ಗುರುತಿಸುವುದಕ್ಕೆ ಒಂದು ಸರಳ ಕ್ರಮ: ಸಣ್ಣ 'ಬೇಡ'ಕ್ಕೆ ಅವನು ಹೇಗೆ ನಡೆದುಕೊಳ್ಳುತ್ತಾನೆ ನೋಡಿ. 'ಮನೆತನಕ ಬಿಡೋದು ಬೇಡ' ಅಂದಾಗ 'ಸರಿ' ಅಂದರೆ ಒಂದು ತರಹ. ಮತ್ತೆ ಮತ್ತೆ ಒತ್ತಾಯಿಸಿದರೆ, 'ನನ್ನನ್ನೇ ನಂಬಲ್ವಾ?' ಎಂದು ಚುಚ್ಚಿದರೆ, ಕುಡಿಯುವುದಕ್ಕೆ ಬಲವಂತ ಮಾಡಿದರೆ, ಗೆಳತಿಯರಿಂದ ಬೇರೆ ಮಾಡಿ ಕರೆದೊಯ್ಯಲು ನೋಡಿದರೆ ಅಲ್ಲಿಂದ ಹೊರಡಲು ಅಷ್ಟೇ ಕಾರಣ ಸಾಕು. ನೆಪ ಹೇಳಬೇಕಿಲ್ಲ, ಹೇಳಿದ ನೆಪಕ್ಕೆ ಅವನ ಹತ್ತಿರ ಪರಿಹಾರವೂ ಇರುತ್ತದೆ. ಜನರ ನಡುವೆ ಯಾರಾದರೂ ಮುಟ್ಟಿದರೆ ಬರೀ ಕಿರುಚಾಟಕ್ಕಿಂತ ಗುರುತು ಹಿಡಿಯುವ ಮಾತು ಮೇಲು: 'ನೀಲಿ ಅಂಗಿ ಹಾಕಿರೋರೇ, ಕೈ ತೆಗೀರಿ.' ಇದರಿಂದ ಸುತ್ತಲಿನವರಿಗೆ ಯಾರು, ಏನು ಎಂಬೆರಡೂ ಒಟ್ಟಿಗೇ ತಿಳಿಯುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಆ ಗಳಿಗೆಯಲ್ಲಿ ಮೈ ಮರಗಟ್ಟಬಹುದು. ಸ್ಟಾಕ್‌ಹೋಮಿನಲ್ಲಿ ಅತ್ಯಾಚಾರಕ್ಕೊಳಗಾದವರ ತುರ್ತು ಚಿಕಿತ್ಸಾ ಕೇಂದ್ರವೊಂದಕ್ಕೆ ಬಂದ 298 ಹೆಂಗಸರ ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 70 ಮಂದಿ ಗಣನೀಯ ಮಟ್ಟದಲ್ಲಿ ಹೀಗೆ ಸ್ತಬ್ಧರಾಗಿದ್ದರು. ಇದು ಭಯಕ್ಕೆ ನರಮಂಡಲ ತಾನಾಗಿ ಕೊಡುವ ಪ್ರತಿಕ್ರಿಯೆ, ಒಪ್ಪಿಗೆ ಅಲ್ಲವೇ ಅಲ್ಲ. 'ಕೂಗಬೇಕಿತ್ತು' ಎನ್ನುವವರು ಇದನ್ನು ತಿಳಿದಿರಬೇಕು.

ಲೈಂಗಿಕ ದಾಳಿ ನಡೆದ ಮೇಲೆ ಗಂಟೆಗಳ ಲೆಕ್ಕವಿದೆ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ತುರ್ತು ಗರ್ಭನಿರೋಧಕಕ್ಕೆ 120 ಗಂಟೆಯವರೆಗೆ ಅವಕಾಶ, ತಡವಾದಷ್ಟೂ ಮಾತ್ರೆಯ ಪರಿಣಾಮ ಕಡಿಮೆ. ಸಾಧ್ಯವಾದರೆ ಪರೀಕ್ಷೆಗೆ ಮುಂಚೆ ಸ್ನಾನ ಬೇಡ. ಮಾಡಿಯಾಗಿದ್ದರೂ ಆಸ್ಪತ್ರೆಗೆ ಹೋಗುವುದನ್ನು ಬಿಡಬೇಡಿ. ಬಟ್ಟೆಗಳನ್ನು ಒಗೆಯದೆ ಒಂದೊಂದನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ತೇವ ನಿಂತು ಬೂಷ್ಟು ಹಿಡಿದರೆ ಡಿಎನ್‌ಎ ಹಾಳಾಗುತ್ತದೆ. ಸಿಸಿಟಿವಿ ದೃಶ್ಯಗಳು ಕೆಲವೇ ದಿನ ಅಥವಾ ವಾರಗಳಲ್ಲಿ ಅಳಿಸಿಹೋಗುವುದರಿಂದ ಅವನ್ನು ಉಳಿಸಿಡುವಂತೆ ಕೂಡಲೇ ಬರಹದಲ್ಲಿ ಕೇಳಿ. ಫೋನಿನಲ್ಲಿ ಕಾಟವಾದರೆ ಬ್ಲಾಕ್ ಮಾಡುವ ಮುಂಚೆ ಹೆಸರು, ದಿನಾಂಕ, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ, ಸಂದೇಶ ಅಳಿಸಬೇಡಿ. ನೆನಪಿನಲ್ಲಿದ್ದಷ್ಟನ್ನು ಬರೆದಿಡಿ, ಅನುಕ್ರಮ ತಪ್ಪಿದರೂ ಸರಿ, ಗೊತ್ತಿಲ್ಲದ್ದನ್ನು ಊಹಿಸಿ ತುಂಬಬೇಡಿ. ದೂರು ಕೊಡುವುದು ಬಿಡುವುದು ಅವಳ ತೀರ್ಮಾನ. ಇವೆಲ್ಲ ಆ ತೀರ್ಮಾನಕ್ಕೆ ಸಮಯ ಉಳಿಸಿಕೊಡುತ್ತವೆ.

ಇನ್ನು 'ಗಂಡಸರೆಲ್ಲ ಹಾಗಲ್ಲ' ಎಂಬುದು. ನಿಜವೇ. ಆದರೆ 'ಎಲ್ಲರೂ ಹಾಗೆ' ಎಂದು ಯಾರೂ ಹೇಳಿರದಿದ್ದಾಗ ಬರುವ ಉತ್ತರ ಅದು. ಒಂದು ಲೆಕ್ಕ ಹಾಕೋಣ. 100 ಗಂಡಸರಲ್ಲಿ ಕಿರುಕುಳ ಕೊಡುವವರು 5 ಜನ ಎಂದಿಟ್ಟುಕೊಳ್ಳಿ. ಒಬ್ಬಳು ಜೀವನದಲ್ಲಿ ಬರೀ 50 ಗಂಡಸರೊಡನೆ ಒಡನಾಡಿದರೂ ಅಂಥವನೊಬ್ಬನೂ ಅವಳಿಗೆ ಎದುರಾಗದಿರುವ ಸಾಧ್ಯತೆ ಶೇ 8ಕ್ಕಿಂತ ಕಡಿಮೆ. ಅಂದರೆ, ಹೆಚ್ಚಿನ ಗಂಡಸರು ಹಾಗಲ್ಲ ಎಂಬುದೂ ನಿಜ, ಹೆಚ್ಚಿನ ಹೆಂಗಸರು ಅಂಥವನನ್ನು ಕಂಡಿದ್ದಾರೆ ಎಂಬುದೂ ನಿಜ. ಇವು ಒಂದನ್ನೊಂದು ಸುಳ್ಳಾಗಿಸುವುದಿಲ್ಲ. ಆ ಐವರ ಹಣೆಯ ಮೇಲೆ ಬರೆದಿರುವುದಿಲ್ಲವಾದ್ದರಿಂದ ಅವಳು ಎಲ್ಲರ ಮುಂದೆಯೂ ಎಚ್ಚರವಾಗಿರಬೇಕಾಗುತ್ತದೆ.

ಸಂಶೋಧಕರಾದ ಡೇವಿಡ್ ಲಿಸಾಕ್ ಮತ್ತು ಪಾಲ್ ಮಿಲ್ಲರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ: 1,882 ಗಂಡಸರಲ್ಲಿ 120 ಮಂದಿ ಅತ್ಯಾಚಾರ ಅಥವಾ ಅದರ ಯತ್ನ ಎನ್ನಬಹುದಾದ ಕೃತ್ಯಗಳನ್ನು ತಾವೇ ಒಪ್ಪಿಕೊಂಡಿದ್ದರು, ಅವರಲ್ಲಿ 76 ಮಂದಿ ಒಂದಕ್ಕಿಂತ ಹೆಚ್ಚು ಸಲ ಮಾಡಿದವರು. ಕೆಲವೇ ಜನ ಹೆಚ್ಚಿನ ಹಾನಿ ಮಾಡುತ್ತಾರೆ ಎಂಬ ವಾದ ಇದರಿಂದ ಬಲವಾಯಿತು. 2015ರಲ್ಲಿ ಕೆವಿನ್ ಸ್ವಾರ್ಟೌಟ್ ತಂಡ ಇದನ್ನು ಪ್ರಶ್ನಿಸಿತು. ಅವರ ಮಾಹಿತಿಯಲ್ಲಿ ಅತ್ಯಾಚಾರ ಎಸಗಿದ್ದವರಲ್ಲಿ ಹೆಚ್ಚಿನವರು ವರ್ಷವರ್ಷವೂ ಅದನ್ನೇ ಮುಂದುವರಿಸಿದವರಾಗಿರಲಿಲ್ಲ. ಹಾಗಾಗಿ 'ನಾಲ್ಕಾರು ರಾಕ್ಷಸರನ್ನು ಹಿಡಿದರೆ ಮುಗಿಯಿತು' ಎಂಬುದನ್ನು ಒಪ್ಪಲಾಗದು. ಬಸ್ಸಿನಲ್ಲಿ ಒರಗುವುದು, ಹಿಂಬಾಲಿಸುವುದು, ಅಶ್ಲೀಲ ಮಾತು ಇವಕ್ಕಂತೂ ಈ ಸಂಖ್ಯೆಗಳನ್ನು ಹಚ್ಚಲೇಬಾರದು.

ಆದರೂ 'ಗಂಡಸರೇ ಹೀಗೆ' ಎಂಬುದನ್ನೂ ನಾನು ಒಪ್ಪುವುದಿಲ್ಲ. ಕಾರಣ, ಅದು ಗಂಡಸರ ಮನಸ್ಸು ನೋಯಿಸುತ್ತದೆ ಎಂದಲ್ಲ. ಹುಟ್ಟುಗುಣ ಎಂದಾದ ಮೇಲೆ ಮಾಡಿದವನನ್ನು ಕೇಳುವುದೇನು? 'ಗಂಡಸು, ಏನೋ ಆಗಿಹೋಯ್ತು' ಎಂಬ ಕ್ಷಮೆಯೂ ಅದೇ ನಂಬಿಕೆಯ ಮೇಲೆ ನಿಂತಿದೆ. ಗಂಡುಮಕ್ಕಳೂ ದೌರ್ಜನ್ಯಕ್ಕೆ ಒಳಗಾಗುತ್ತಾರೆ. 'ಗಂಡಸರೇ ಹೀಗೆ' ಎಂಬ ಮಾತು ಅವರ ಬಾಯಿಯನ್ನೂ ಕಟ್ಟುತ್ತದೆ. ಎಚ್ಚರಿಕೆ ಮತ್ತು ತೀರ್ಪಿನ ನಡುವೆ ನಾನು ಎಳೆಯುವ ಗೆರೆ ಇಷ್ಟು: ಗುರುತಿಲ್ಲದವನನ್ನು ಕಂಡು ರಸ್ತೆಯ ಆಚೆ ಬದಿಗೆ ಹೋಗುವುದು, ಅವನೊಬ್ಬನೇ ಇರುವ ಲಿಫ್ಟ್ ಹತ್ತದಿರುವುದು ಎಚ್ಚರಿಕೆ. ಇದಕ್ಕೆ ಪುರಾವೆ ಬೇಕಿಲ್ಲ, ಯಾರಿಗೂ ನಷ್ಟವಿಲ್ಲ. ಒಬ್ಬನ ಹೆಸರು ಹಿಡಿದು ಕೆಲಸ ಕಳೆಯುವುದು, ಶಿಕ್ಷಿಸುವುದು ತೀರ್ಪು. ಅದಕ್ಕೆ ಅವನು ಮಾಡಿದ್ದರ ವಿಚಾರಣೆ ಬೇಕು, ಅವನು ಗಂಡಸು ಎಂಬುದು ಸಾಲದು.

ಅವಳ ಎಚ್ಚರಿಕೆ ಕಂಡು ಮುನಿಸಿಕೊಳ್ಳದಿರುವುದು ಗಂಡಸರು ಮಾಡಬಹುದಾದ ಮೊದಲ ಕೆಲಸ. ನಿರ್ಜನ ದಾರಿಯಲ್ಲಿ ಹಿಂದೆ ನಡೆಯುತ್ತಿದ್ದರೆ ನಿಧಾನಿಸಿ ಅಂತರ ಬಿಡಿ ಅಥವಾ ರಸ್ತೆ ದಾಟಿ ಆಚೆ ಬದಿಗೆ ಹೋಗಿ. ಹತ್ತಿರ ಹೋಗಿ 'ಹೆದರಬೇಡಿ' ಎನ್ನುವುದು ಹೆದರಿಸುತ್ತದೆ. ಗೆಳೆಯರ ಗುಂಪಿನಲ್ಲಿ ಒಬ್ಬ ಹೊಲಸು ಮಾತಾಡಿದಾಗ 'ಇದರಲ್ಲಿ ನಗೋದಕ್ಕೇನಿದೆ, ಹೇಳು' ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಎದುರಿಗೇ ಕಿರುಕುಳ ನಡೆಯುತ್ತಿದ್ದರೆ ಅವನ ಜೊತೆ ಜಗಳಕ್ಕಿಳಿಯುವುದಕ್ಕಿಂತ ಮುಂಚೆ ಅವಳ ಪಕ್ಕ ಹೋಗಿ ನಿಂತು 'ಈ ಬಸ್ ಎಲ್ಲಿಗೆ ಹೋಗುತ್ತೆ?' ಎಂದು ಕೇಳಿದರೂ ಅವನ ಹಿಡಿತ ತಪ್ಪುತ್ತದೆ.

ಅವಳು ನಿಮ್ಮ ಬಳಿ ಬಂದು ಹೇಳಿಕೊಂಡರೆ 'ಯಾಕೆ' ಎಂದು ಶುರುವಾಗುವ ಯಾವ ಪ್ರಶ್ನೆಯೂ ಬೇಡ. 'ನಂಬ್ತೀನಿ' ಎನ್ನಿ, 'ಈಗ ಎಲ್ಲಿದ್ದರೆ ನಿನಗೆ ಧೈರ್ಯ?' ಎಂದು ಕೇಳಿ. ಅವನನ್ನು ಹೊಡೆದುಬರುತ್ತೇನೆ ಎಂದು ಎದ್ದು ಹೊರಟರೆ ನಿಮ್ಮ ಸಿಟ್ಟನ್ನು ತಣಿಸುವ ಕೆಲಸವೂ ಅವಳ ತಲೆಗೇ ಬೀಳುತ್ತದೆ. ಕೂತುಕೊಳ್ಳಿ. ಎರಡು ದಿನ ಬಿಟ್ಟು ಮತ್ತೊಮ್ಮೆ ಫೋನ್ ಮಾಡಿ. ಅಷ್ಟರಲ್ಲಿ ಉಳಿದವರೆಲ್ಲ ಕೇಳುವುದನ್ನು ನಿಲ್ಲಿಸಿರಬಹುದು.