ಸಿಡ್ನಿಯ ಪಾರ್ಕಿನಲ್ಲಿ ಒಂದು ಅಜ್ಜನ ಗಡ್ಡ

ಅಮ್ಮ ಅರಸೀಕೆರೆಯಿಂದ ಮೂರು ತಿಂಗಳಿಗೆ ಅಂತ ಬಂದಿದ್ದಾಳೆ. ಒಪೆರಾ ಹೌಸು, ಹಾರ್ಬರ್ ಬ್ರಿಡ್ಜು ಎಲ್ಲ ಮೊದಲ ವಾರವೇ ನೋಡಿದ್ದಾಯಿತು. ನನಗೆ ಅವಳಿಗೆ ತೋರಿಸಬೇಕು ಅಂತ ತುಂಬಾ ಆಸೆ ಇದ್ದದ್ದು ಮಾತ್ರ ಕಿಂಗ್ಸ್ ಕ್ರಾಸ್‌ನ ಕಾರಂಜಿ. ಕಳೆದ ಭಾನುವಾರ ಹೋಗಿಬಂದೆವು. ವೆಸ್ಟ್‌ಮೀಡ್‌ನಲ್ಲಿ ರೈಲು ಹತ್ತಿ, ಟೌನ್ ಹಾಲ್‌ನಲ್ಲಿ ಬದಲಾಯಿಸಿ, ಕಿಂಗ್ಸ್ ಕ್ರಾಸ್‌ನಲ್ಲಿ ಇಳಿದು, ಅಮ್ಮನ ಮಂಡಿನೋವಿಗೆ ತಕ್ಕ ಹಾಗೆ ನಿಧಾನವಾಗಿ ಡಾರ್ಲಿಂಗ್‌ಹರ್ಸ್ಟ್ ರಸ್ತೆಯಲ್ಲಿ ನಡೆದರೆ ಫಿಟ್ಜ್‌ರಾಯ್ ಗಾರ್ಡನ್ಸ್ ಸಿಗುತ್ತದೆ. ಅಷ್ಟೇನೂ ದೊಡ್ಡ ಪಾರ್ಕಲ್ಲ. ಅದರ ಮೂಲೆಯಲ್ಲಿ, ರಸ್ತೆಗೆ ಹತ್ತಿರದಲ್ಲೇ, ಈ ಕಾರಂಜಿ.

ನಾನು ಏನೂ ಹೇಳಿರಲಿಲ್ಲ. ಅಮ್ಮ ದೂರದಿಂದಲೇ ನೋಡಿ ನಿಂತಳು.

"ಅಯ್ಯೋ, ಅಜ್ಜನ ಗಡ್ಡ ಅಲ್ವೇನೇ ಇದು!"

ಬಿಸಿಲಿಗೆ ಎಕ್ಕದ ಕಾಯಿ ಒಡೆದು ರೇಷ್ಮೆಯಂಥ ಕೂದಲು ಕಟ್ಟಿಕೊಂಡ ಬೀಜ ಹಾರುತ್ತದಲ್ಲ, ನಮ್ಮ ಮನೆಯಲ್ಲಿ ಅದಕ್ಕೆ ಅಜ್ಜನ ಗಡ್ಡ ಅಂತಲೇ ಹೆಸರು. ರಥಸಪ್ತಮಿಯ ದಿನ ತಲೆ ಮೇಲೆ ಎಕ್ಕದ ಎಲೆ ಇಟ್ಟುಕೊಂಡು ಸ್ನಾನ. ಬೇಸಿಗೆ ಬಂದರೆ ಅದೇ ಗಿಡದ ಬೀಜ ಹಿಡಿದು ಊದುವುದು, ಅದರ ಹಿಂದೆ ಓಡುವುದು. ಇಲ್ಲಿನವರು ಈ ಕಾರಂಜಿಯನ್ನು ಡ್ಯಾಂಡಿಲಿಯನ್ ಅನ್ನುತ್ತಾರೆ. ಅದು ಇಲ್ಲಿನ ಹುಲ್ಲಿನ ಮಧ್ಯೆ ಹಳದಿ ಹೂ ಬಿಡುವ ಗಿಡ. ಹೂ ಮಾಗಿದ ಮೇಲೆ ಬೀಜಗಳೆಲ್ಲ ಸೇರಿ ಬಿಳಿ ಗುಂಡಾಗಿ ನಿಲ್ಲುತ್ತವೆ. ಎಕ್ಕಕ್ಕೂ ಅದಕ್ಕೂ ನೆಂಟಸ್ತನ ಇಲ್ಲ, ಆದರೆ ಗಾಳಿಯಲ್ಲಿ ತೇಲುವ ಉಪಾಯ ಒಂದೇ.

ಕಾರಂಜಿ ಹೇಗಿದೆ ಅಂತ ಹೇಳುತ್ತೇನೆ. ನಡುವಿನಿಂದ ಎಲ್ಲ ದಿಕ್ಕಿಗೂ ಚಾಚಿಕೊಂಡ ಕಂಚಿನ ಸಣ್ಣ ಕೊಳವೆಗಳು, ಒಟ್ಟು 211. ಪ್ರತಿ ಕೊಳವೆಯ ತುದಿಯಲ್ಲೂ ನೀರು ಪುಟ್ಟ ಕೊಡೆ ಬಿಚ್ಚಿದ ಹಾಗೆ ತೆಳ್ಳಗೆ ಹರಡುತ್ತದೆ. ಆ ಕೊಡೆಗಳೆಲ್ಲ ಅಕ್ಕಪಕ್ಕ ಸೇರಿ ಒಂದು ದೊಡ್ಡ ನೀರಿನ ಗುಂಡು ಆಗುತ್ತದೆ. ಕೆಳಗೆ ಆರು ಮೂಲೆಯ ತೊಟ್ಟಿಗಳು, ಮೆಟ್ಟಿಲಿನ ಹಾಗೆ ಒಂದರಿಂದ ಒಂದಕ್ಕೆ ನೀರು ಇಳಿಯುತ್ತದೆ. ಅಷ್ಟೇ. ಕೊಳವೆಗಳ ನಡುವೆ ಇರುವುದೆಲ್ಲ ಬರೀ ಜಾಗ. ಕಣ್ಣಿಗೆ ಗುಂಡು ಅಂತ ಕಾಣಿಸುವುದು ಕಂಚಿನಿಂದಲ್ಲ, ನೀರಿನಿಂದ.

ನನಗೆ ಇದು ಯಾಕೆ ಇಷ್ಟ ಅಂದರೆ, ನಿಜವಾದ ಬೀಜವೂ ಹಾಗೇ ಇದೆ. ಡ್ಯಾಂಡಿಲಿಯನ್‌ನ ಒಂದೊಂದು ಬೀಜಕ್ಕೆ ಸುಮಾರು ನೂರು ಕೂದಲಿನ ಒಂದು ಕುಚ್ಚು ಇರುತ್ತದೆ, ಅದರಲ್ಲೂ ಹೆಚ್ಚು ಪಾಲು ಖಾಲಿ ಜಾಗವೇ. 2018ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದವರು ಆ ಕುಚ್ಚಿನ ಮೂಲಕ ಗಾಳಿ ಹೇಗೆ ಹರಿಯುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದರು. ಕೂದಲುಗಳ ಸಂದಿಯಿಂದ ನುಗ್ಗಿದ ಗಾಳಿ ಮೇಲ್ಗಡೆ ಬಳೆಯ ಹಾಗೆ ಸುತ್ತುತ್ತದೆ, ಕುಚ್ಚಿಗೆ ಅಂಟಿಕೊಳ್ಳದೆ ಸ್ವಲ್ಪ ಮೇಲೇ ನಿಂತಿರುತ್ತದೆ, ಬೀಜವನ್ನು ಬೇಗ ಕೆಳಗಿಳಿಯಲು ಬಿಡುವುದಿಲ್ಲ. ಸಂದಿ ಇಲ್ಲದಿದ್ದರೆ ಆ ಬಳೆ ಹಾಗೆ ನಿಲ್ಲುವುದಿಲ್ಲ. ಕಾರಂಜಿ ಕಟ್ಟಿದ್ದು ಈ ಪ್ರಯೋಗಕ್ಕಿಂತ ಎಷ್ಟೋ ವರ್ಷ ಮುಂಚೆ, ಆದರೆ ಎರಡರಲ್ಲೂ ಕೆಲಸ ನಡೆಯುವುದು ಖಾಲಿ ಬಿಟ್ಟ ಜಾಗದಲ್ಲಿ.

ಇದನ್ನು ಮಾಡಿದವರು ರಾಬರ್ಟ್ ವುಡ್‌ವರ್ಡ್. ಓದಿದ್ದು ವಾಸ್ತುಶಿಲ್ಪ. 1950ರ ದಶಕದಲ್ಲಿ ಫಿನ್‌ಲ್ಯಾಂಡಿಗೆ ಹೋಗಿ ಅಲ್ಲಿನ ಹೆಸರಾಂತ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಹತ್ತಿರ ಕೆಲಸ ಮಾಡಿ ಬಂದವರು. ಸಿಡ್ನಿ ನಗರಸಭೆ ನಡೆಸಿದ ಸ್ಪರ್ಧೆಯಲ್ಲಿ ಅವರ ವಿನ್ಯಾಸ ಗೆದ್ದಿತು, 1961ರ ನವೆಂಬರ್ 18ರಂದು ಕಾರಂಜಿ ಶುರುವಾಯಿತು. ಇದಾದ ಮೇಲೆ ಕಾರಂಜಿ ಮಾಡುವುದೇ ಅವರ ಬದುಕಾಯಿತು. ಡಾರ್ಲಿಂಗ್ ಹಾರ್ಬರ್‌ನಲ್ಲಿ ಸುರುಳಿಯಾಗಿ ಒಳಗೆ ಇಳಿಯುವ ನೀರಿದೆಯಲ್ಲ, ಮಕ್ಕಳು ಬಿಡದೆ ಓಡಾಡುತ್ತಾರಲ್ಲ, ಅದೂ ಅವರದೇ. ಕಿಂಗ್ಸ್ ಕ್ರಾಸ್‌ನ ಕಾರಂಜಿಯಂಥವು ಆಮೇಲೆ ಎಷ್ಟೋ ಊರಲ್ಲಿ ಬಂದವು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ಕನ್ನಡದವರು ಲೋರಿಂಗ್ ಪಾರ್ಕಿನಲ್ಲಿ ಇಂಥದ್ದೇ ಒಂದನ್ನು ನೋಡಿರುತ್ತೀರಿ.

ಆದರೆ ಸುಮ್ನೆ ಚಂದಕ್ಕೆ ಅಂತ ಇಟ್ಟ ಕಾರಂಜಿ ಅಲ್ಲ ಇದು. ಇದರ ಹೆಸರು ಎಲ್ ಅಲಮೈನ್ ಸ್ಮಾರಕ ಕಾರಂಜಿ. 1942ರಲ್ಲಿ ಈಜಿಪ್ಟಿನ ಮರಳುಗಾಡಿನ ಎಲ್ ಅಲಮೈನ್‌ನಲ್ಲಿ ನಡೆದ ಯುದ್ಧದ ನೆನಪಿಗೆ ಕಟ್ಟಿದ್ದು. ಆ ವರ್ಷದ ಜುಲೈನಿಂದ ನವೆಂಬರ್‌ವರೆಗೆ ಆಸ್ಟ್ರೇಲಿಯಾದ 9ನೇ ಡಿವಿಷನ್ ಒಂದರಲ್ಲೇ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಸೇರಿ ಹತ್ತಿರ ಹತ್ತಿರ 6,000 ಜನ. ಬಂದೂಕು ಹಿಡಿದ ಸೈನಿಕನ ವಿಗ್ರಹ ನಿಲ್ಲಿಸಬಹುದಿತ್ತು, ಎಲ್ಲ ಕಡೆ ಹಾಗೇ ಮಾಡಿದ್ದಾರೆ. ಇಲ್ಲಿ ಊದಿದರೆ ಹಾರಿಹೋಗುವಂಥದ್ದನ್ನು ಕಂಚಿನಲ್ಲಿ ನಿಲ್ಲಿಸಿದ್ದಾರೆ. ನನಗೆ ಇದೇ ಸರಿ ಅನ್ನಿಸುತ್ತದೆ. ಆ ಮೂಲೆಯಲ್ಲಿ ಕಾಫಿ ಕುಡಿಯುವವರು, ನಾಯಿ ಹಿಡಿದುಕೊಂಡು ಬಂದವರು, ರಾತ್ರಿ ಕಳೆಯಲು ಜಾಗ ಇಲ್ಲದವರು ಎಲ್ಲರೂ ಕೂರುತ್ತಾರೆ. ಅವರಲ್ಲಿ ಎಷ್ಟು ಜನ ಅಲ್ಲಿರುವ ಸ್ಮಾರಕದ ಬರಹ ಓದಿರುತ್ತಾರೋ ಗೊತ್ತಿಲ್ಲ. ಓದದಿದ್ದರೂ ಅವರು ಬಂದು ಕೂರುವುದು ಆ ಹುಡುಗರ ಪಕ್ಕದಲ್ಲೇ ಅಲ್ವಾ.

ಅಮ್ಮನಿಗೆ ಇದೆಲ್ಲ ಹೇಳುವಾಗ ನಮ್ಮವರ ವಿಷಯವೂ ಹೇಳಿದೆ. ಜುಲೈ 1ರಂದು ಡೇರ್ ಎಲ್ ಶೈನ್ ಅನ್ನುವ ಕಡೆ ಜರ್ಮನ್ ಸೇನಾಪತಿ ರೊಮೆಲ್‌ನ ಟ್ಯಾಂಕುಗಳ ಎದುರು ನಿಂತದ್ದು 18ನೇ ಇಂಡಿಯನ್ ಬ್ರಿಗೇಡ್. ಆ ದಿನವೇ ಅದು ಹೆಚ್ಚುಕಡಿಮೆ ಮುಗಿದೇ ಹೋಯಿತು. ಅಕ್ಟೋಬರ್‌ನ ಯುದ್ಧದಲ್ಲಿ 4ನೇ ಇಂಡಿಯನ್ ಡಿವಿಷನ್ ಇತ್ತು. ಅಲ್ಲಿನ ಸಮಾಧಿ ಸ್ಥಳದಲ್ಲಿ, ಹೂಳದೆ ಸುಟ್ಟವರಿಗೆ ಅಂತಲೇ ಬೇರೆ ಸ್ಮಾರಕ ಇದೆ, 600ಕ್ಕೂ ಜಾಸ್ತಿ ಹೆಸರು.

ಅಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಮರಳುಗಾಡು ಅಂದೆಯಲ್ಲ, ಆ ಮಕ್ಕಳಿಗೆ ಕುಡಿಯೋಕಾದ್ರೂ ನೀರು ಸಿಗ್ತಿತ್ತೇನೇ?"

ಅಳೆದು ಕೊಡುತ್ತಿದ್ದರು ಅಂದೆ. ಕುಡಿಯಲು, ಅಡುಗೆಗೆ, ಮುಖ ತೊಳೆಯಲು ಎಲ್ಲಕ್ಕೂ ಸೇರಿ. ನಾನು ಈ ಕಾರಂಜಿಯ ಬಗ್ಗೆ ಎಷ್ಟೋ ಓದಿದ್ದೆ, ಎಷ್ಟೋ ಸಲ ಬಂದು ಕೂತಿದ್ದೆ. ಅವರ ನೆನಪಿಗೆ ನೀರನ್ನೇ ಇಟ್ಟಿದ್ದಾರೆ ಅನ್ನುವುದು ಮಾತ್ರ ಅಮ್ಮ ಕೇಳುವ ತನಕ ನನಗೆ ಹೊಳೆದಿರಲಿಲ್ಲ. ಬರಗಾಲದ ಊರಲ್ಲಿ ಕೊಡ ಎಣಿಸಿ ನೀರು ತಂದವಳು ಅವಳು.

ಒಂದು ಮಾತು ಹೇಳಲೇಬೇಕು. ನಮ್ಮೂರ ಪಾರ್ಕಿನಲ್ಲೂ ಒಂದು ಕಾರಂಜಿ ಇತ್ತು, ಕಮಲದ ಆಕಾರದ್ದು. ನಾನು ಹೈಸ್ಕೂಲಲ್ಲಿ ಇದ್ದಾಗ ನಿಂತದ್ದು ಮತ್ತೆ ನೀರು ಬರಲಿಲ್ಲ. ಈಗ ತೊಟ್ಟಿ ತುಂಬ ಒಣಗಿದ ಎಲೆ. ಕಮಲ ಮಾಡಿದವನ ಕೈಕೆಲಸ ಚೆನ್ನಾಗಿಯೇ ಇತ್ತು, ನೋಡಿಕೊಳ್ಳುವವರು ಇರಲಿಲ್ಲ. ಕಲ್ಲಿನ ಶಿಲ್ಪ ಹೇಗೋ ನಿಂತುಕೊಳ್ಳುತ್ತದೆ. ಇಂಥದ್ದಕ್ಕೆ ಯಾರೋ ದಿನಾ ಬಂದು ಕೊಳವೆ ಕಟ್ಟಿಕೊಂಡಿದೆಯಾ ನೋಡಬೇಕು, ಕಸ ತೆಗೆಯಬೇಕು, ಪಂಪು ನೋಡಬೇಕು. ನೀರು ನಿಲ್ಲಿಸಿದಾಗಲೂ ಒಮ್ಮೆ ನಾನು ಇದನ್ನು ನೋಡಿದ್ದೇನೆ. ಮುಳ್ಳುಹಂದಿ ಮೈ ಉಬ್ಬಿಸಿಕೊಂಡು ನಿಂತ ಹಾಗಿತ್ತು.

ಹೊರಡೋಣ ಅಂತ ಎದ್ದಾಗ ಗಾಳಿ ತಿರುಗಿತು. ಗುಂಡು ಒಂದು ಕಡೆಗೆ ವಾಲಿ ತುಂತುರು ನೇರ ನಮ್ಮ ಮೇಲೆ ಬಂತು. ಅಮ್ಮನ ಕನ್ನಡಕದ ಮೇಲೆಲ್ಲ ಹನಿ. ಒರೆಸಿಕೊಡಲು ಹೋದರೆ ಕೈ ಸರಿಸಿದಳು. ಇನ್ನೊಂದು ಸ್ವಲ್ಪ ಕೂರೋಣ ತಾಳು ಅಂದಳು.