ಯಾವುದರ ಹದಿನೆಂಟು?

ಬುಧವಾರ ಸಂಜೆ ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ತಗಡು ಮಾರುವ ಅಂಗಡಿಗಳಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಗುರುವಾರ ವಾರದ ರಜೆ. ಶುಕ್ರವಾರ ಬೆಳಿಗ್ಗೆ ಮಷಿನ್ ಏರಬೇಕಾದ ಮಾಲೆಲ್ಲ ಬುಧವಾರ ಸಂಜೆಯೇ ಟೆಂಪೊ ಹತ್ತಬೇಕು. ಆ ಗದ್ದಲದಲ್ಲಿ ಮುಧೋಳ ಕಡೆಯ ಒಬ್ಬ ಹುಡುಗ ಚೀಟಿ ಚಾಚಿದ. "18 ಗೇಜು, 12 ಶೀಟು." ಅಷ್ಟೇ. ಗೇಜು ಅಂದರೆ ತಗಡು, ತಂತಿಯ ದಪ್ಪ ಹೇಳುವ ನಂಬರು. ಗಲ್ಲಾದ ಹಿಂದೆ ಕೂತಿದ್ದ ಕಾಕಾ ವಿಜಯಪುರದವರು. ಚೀಟಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು, ಅಲ್ಲೇನೂ ಇರಲಿಲ್ಲ.

"ಯಾವುದರ ಹದಿನೆಂಟು?"

ಹುಡುಗ ಸುಮ್ಮನೆ ನಿಂತ. ಆಮೇಲೆ ಸೂಪರ್‌ವೈಸರ್‌ಗೆ ಫೋನು ಹಚ್ಚಿ ಸ್ಪೀಕರ್ ಆನ್ ಮಾಡಿದ. ಆ ಕಡೆಯಿಂದ ಬಂದ ಉತ್ತರ ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು. "ಹದಿನೆಂಟು ಅಂದ್ರ ಹದಿನೆಂಟಪಾ! ಅದರಾಗ ಕೇಳೂದೇನೈತಿ?" ಫೋನು ಕಟ್ ಆಯಿತು.

ಮೂರು ದಿನವಾದರೂ ಈ ಎರಡು ಮಾತು ತಲೆಯಿಂದ ಇಳಿದಿಲ್ಲ. ಪ್ರಶ್ನೆಯಲ್ಲಿ ನಲವತ್ತು ವರ್ಷದ ಅನುಭವ ಇತ್ತು. ಉತ್ತರದಲ್ಲಿ ಇದ್ದದ್ದು ದರ್ಪ. ಆ ಸೂಪರ್‌ವೈಸರ್ ಕೆಟ್ಟ ಮನುಷ್ಯ ಆಗಿರಲಿಕ್ಕಿಲ್ಲ, ಕೆಲಸದ ಒತ್ತಡವೂ ಇದ್ದೀತು. ಆದರೆ ಕಲಿಯಲು ಬಂದ ಹುಡುಗನಿಗೆ ಅರ್ಧ ಅಳತೆ ಕೊಟ್ಟು ಪೂರಾ ಮಾಲು ತಾ ಅನ್ನುವುದು ದೊಡ್ಡ ಅನ್ಯಾಯ. ಮಾಲು ತಪ್ಪಿದರೆ ಬೈಸಿಕೊಳ್ಳುವವನು ಚೀಟಿ ಬರೆದವನಲ್ಲ, ಚೀಟಿ ಹಿಡಿದು ಬಂದವನು.

ಹದಿನೆಂಟು ಅಂದರೆ ಹದಿನೆಂಟಲ್ಲ. ಅಮೆರಿಕದ ಪಟ್ಟಿ ಹಿಡಿದರೆ ಕಪ್ಪು ಉಕ್ಕಿನ ತಗಡಿನಲ್ಲಿ 18 ಗೇಜು 1.21 ಮಿ.ಮೀ., ಜಿಐನಲ್ಲಿ (ಸತುವು ಲೇಪಿಸಿದ ಉಕ್ಕು) 1.31, ಸ್ಟೇನ್‌ಲೆಸ್‌ನಲ್ಲಿ 1.27. ಅಲ್ಯುಮಿನಿಯಂನಲ್ಲಿ ಅದೇ 18 ಅಂದರೆ 1.02 ಮಾತ್ರ. ನಮ್ಮ ಕಡೆಯ ಹಳೇ ಮಿಸ್ತ್ರಿಗಳು ಬ್ರಿಟಿಷರ ಎಸ್‌ಡಬ್ಲ್ಯುಜಿ (ಸ್ಟ್ಯಾಂಡರ್ಡ್ ವೈರ್ ಗೇಜ್) ಲೆಕ್ಕ ಹೇಳುತ್ತಾರೆ, ಅದರಲ್ಲಿ 1.22. ಜಿಐ ಯಾಕೆ ದಪ್ಪ ಅಂದರೆ, ಆ ಪಟ್ಟಿ ಹುಟ್ಟಿದ್ದು ತೂಕದಿಂದ. ಚದರ ಅಡಿಗೆ ಎರಡು ಪೌಂಡು ತೂಗುವ ಉಕ್ಕಿನ ತಗಡು 18 ಗೇಜು. ಜಿಐಗೆ ಮೇಲಿನ ಸತುವಿನ ಪಾಲೆಂದು ಎರಡೂವರೆ ಔನ್ಸ್ ಸೇರಿಸಿದರು, ದಪ್ಪ ಏರಿತು. ಅಲ್ಯುಮಿನಿಯಂಗೆ ಈ ತೂಕದ ಪಟ್ಟಿಯ ಸಂಬಂಧವೇ ಇಲ್ಲ. ಅದರ ಲೆಕ್ಕ ತಂತಿಯ ಪಟ್ಟಿಯಿಂದ ಬಂದದ್ದು.

ಒಂದು ಹತ್ತಾಂಶ ಮಿ.ಮೀ.ನಿಂದ ಏನಾಗುತ್ತದೆ ಅನ್ನುವವರು ಬೆಂಡಿಂಗ್ ಮಷಿನ್ ಹತ್ತಿರ ಒಂದು ಪಾಳಿ ನಿಲ್ಲಬೇಕು. 1.2ರ ಲೆಕ್ಕದಲ್ಲಿ ಲೇಸರ್ ಕಟ್ ಮಾಡಿದ ಪ್ಯಾನೆಲ್ ಬಾಕ್ಸಿಗೆ 1.31ರ ತಗಡು ಬಂತು ಅನ್ನಿ. ಮಡಿಚಿದಾಗ ಒಂದೊಂದು ಮಡಿಕೆಗೂ ಹೊರ ಅಳತೆ ಸುಮಾರು 0.15 ಮಿ.ಮೀ. ಬೆಳೆಯುತ್ತದೆ. ನಾಲ್ಕು ಮಡಿಕೆಗೆ ಅರ್ಧ ಮಿ.ಮೀ. ದಾಟಿತು. ಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ. ಟ್ಯಾಬ್ (ತಗಡಿನ ನಾಲಿಗೆ) ಕೂರಬೇಕಾದ ಸೀಳನ್ನು 1.3ಕ್ಕೆ ಕೊರೆದಿದ್ದರೆ 1.31 ಒಳಗೇ ಹೋಗದು. ಸುತ್ತಿಗೆಯಿಂದ ಹೊಡೆದು ಕೂರಿಸಿದರೆ ಸತುವು ಕಿತ್ತು, ಮೊದಲ ಮಳೆಗಾಲಕ್ಕೇ ಅಲ್ಲಿಂದ ತುಕ್ಕು. ತೆಳ್ಳಗಿನ ತಗಡಾದರೆ ಆಟ ಉಲ್ಟಾ: ಟ್ಯಾಬ್ ಸೀಳಿನಲ್ಲಿ ಗಲಗಲ ಅನ್ನುತ್ತದೆ, ವೆಲ್ಡರ್ ಆ ಸಂದು ತುಂಬಿಸಲು ಹೋಗಿ ತೂತು ಮಾಡುತ್ತಾನೆ.

ತಂತಿಯಲ್ಲಿ ಇದರ ಬೆಲೆ ಇನ್ನೂ ಜಾಸ್ತಿ. ಗೇಜಿನ ನಂಬರು ಹುಟ್ಟಿದ್ದೇ ತಂತಿ ಎಳೆಯುವ ಕಸುಬಿನಲ್ಲಿ. ತಂತಿಯನ್ನು ಒಂದಾದ ಮೇಲೊಂದು ಸಣ್ಣ ತೂತಿನಿಂದ ಎಳೆಯುತ್ತ ಹೋದಂತೆ ಎಳೆತದ ಎಣಿಕೆ ಏರುತ್ತದೆ, ತಂತಿ ತೆಳುವಾಗುತ್ತದೆ. ನಂಬರು ದೊಡ್ಡದಾದಷ್ಟೂ ಮಾಲು ಸಣ್ಣ ಅನ್ನುವ ತಲೆಕೆಳಗಿನ ಲೆಕ್ಕ ಅಲ್ಲಿಂದ ಬಂತು. ಬ್ರಿಟನ್ನಿನಲ್ಲಿ ಊರಿಗೊಂದು ಪಟ್ಟಿ ಇದ್ದು ಜಗಳವಾಗಿ, 1884ರಲ್ಲಿ ಎಸ್‌ಡಬ್ಲ್ಯುಜಿ ಕಾನೂನಾಯಿತು. ಅಮೆರಿಕದವರು ತಮ್ಮದೇ ಎಡಬ್ಲ್ಯುಜಿ (ಅಮೆರಿಕನ್ ವೈರ್ ಗೇಜ್) ಇಟ್ಟುಕೊಂಡರು. ಅದರಲ್ಲಿ ಆರು ನಂಬರು ಇಳಿದರೆ ವ್ಯಾಸ ದುಪ್ಪಟ್ಟು, ಮೂರು ಇಳಿದರೆ ಅಡ್ಡಕೊಯ್ತದ ಕ್ಷೇತ್ರಫಲ ದುಪ್ಪಟ್ಟು, ಇದು ಬಾಯಲ್ಲೇ ಲೆಕ್ಕ ಹಾಕಲು ಒಳ್ಳೆಯದು. ಈಗ 18 ಎಸ್‌ಡಬ್ಲ್ಯುಜಿ ತಂತಿ 1.219 ಮಿ.ಮೀ., 18 ಎಡಬ್ಲ್ಯುಜಿ 1.024. ಮೋಟರ್ ಕಟ್ಟುವಾಗ ಮೊದಲನೆಯದರ ಬದಲು ಎರಡನೆಯದು ಹಾಕಿದರೆ ತಾಮ್ರದ ಕ್ಷೇತ್ರಫಲ 1.167 ಚದರ ಮಿ.ಮೀ. ಇದ್ದದ್ದು 0.823ಕ್ಕೆ ಇಳಿಯಿತು. ಅಷ್ಟೇ ಸುತ್ತು, ಅಷ್ಟೇ ಕರೆಂಟು ಇಟ್ಟುಕೊಂಡರೆ ರೋಧವೂ ಬಿಸಿಯೂ ಶೇ. 42 ಹೆಚ್ಚು. ಸುಟ್ಟ ಮೋಟರು ಮತ್ತೆ ಕಟ್ಟಿಸಿದ ಆರೇ ತಿಂಗಳಿಗೆ ಮತ್ತೆ ಸುಟ್ಟರೆ ವೋಲ್ಟೇಜನ್ನು ದೂರುವ ಮೊದಲು ತಂತಿ ಅಳೆಯಬೇಕು. ಅಳೆಯುವುದಕ್ಕೂ ಕ್ರಮವಿದೆ. ಎನಾಮೆಲ್ (ತಂತಿಯ ಮೇಲಿನ ತೆಳು ಲೇಪ) ಸಮೇತ ಅಳೆದರೆ ದಪ್ಪ ತೋರಿಸುತ್ತದೆ. ಬ್ಲೇಡಿನಿಂದ ಕೆರೆದರೆ ತಾಮ್ರವೂ ಹೋಗುತ್ತದೆ. ತುದಿಗೆ ಲೈಟರ್ ಹಿಡಿದು ಎನಾಮೆಲ್ ಸುಟ್ಟು, ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಮೈಕ್ರೋಮೀಟರ್ ಹಾಕಬೇಕು, ಅದೂ ಎರಡು ದಿಕ್ಕಿನಲ್ಲಿ.

ಆಸ್ಪತ್ರೆಯಲ್ಲೂ ಹದಿನೆಂಟು ಇದೆ. ಸಲೈನ್ ಹಚ್ಚುವ ಹಸಿರು ಕ್ಯಾನುಲಾ 18, ಗುಲಾಬಿ 20, ನೀಲಿ 22, ಹಳದಿ 24. ಅಲ್ಲಿ ಗೇಜು ಹೊರ ವ್ಯಾಸದ ಲೆಕ್ಕ, ಆದರೆ ದ್ರವ ಹರಿಯುವುದು ಒಳ ವ್ಯಾಸದಲ್ಲಿ. ಒಳ ವ್ಯಾಸ ಸ್ವಲ್ಪ ಕಡಿಮೆಯಾದರೂ ಹರಿವು ಅದರ ನಾಲ್ಕನೇ ಘಾತದಲ್ಲಿ ಬೀಳುತ್ತದೆ. ಅಪಘಾತವಾಗಿ ರಕ್ತ ಹೋದವರಿಗೆ ದಪ್ಪ ಸೂಜಿ ಹುಡುಕುವುದು ಅದಕ್ಕೇ. ನರ್ಸ್‌ಗಳು ನಂಬರಿಗಿಂತ ಬಣ್ಣ ಹೇಳಿ ಕೇಳುತ್ತಾರೆ. ಬಹಳ ಒಳ್ಳೆ ಪದ್ಧತಿ, ತಗಡಿಗೂ ಹೀಗೊಂದು ಬಣ್ಣ ಇರಬೇಕಿತ್ತು.

ಇಷ್ಟರಲ್ಲಿ "ನಂಬರು ಏರಿದರೆ ಮಾಲು ತೆಳು" ಅಂತ ಹುಡುಗ ಬಾಯಿಪಾಠ ಮಾಡಿಕೊಂಡ ಅನ್ನಿ. ಅದೇ ಗಲ್ಲಿಯ ಪ್ಲಾಸ್ಟಿಕ್ ಅಂಗಡಿಗೆ ಹೋದರೆ ಅಲ್ಲಿ ಲೆಕ್ಕ ತಿರುಗುತ್ತದೆ. ಪಾಲಿಥೀನ್ ಹಾಳೆಯಲ್ಲಿ ನಂಬರು ಏರಿದರೆ ದಪ್ಪ. ನೂರು ಗೇಜು ಅಂದರೆ ಸುಮಾರು 25 ಮೈಕ್ರಾನ್, ನಾನೂರು ಅಂದರೆ 100. ಕ್ಯಾರಿ ಬ್ಯಾಗಿಗೆ ಸರ್ಕಾರ 120 ಮೈಕ್ರಾನ್ ಕಡ್ಡಾಯ ಮಾಡಿದ್ದು 2022ರ ಡಿಸೆಂಬರ್ ಕೊನೆಗೆ, ವ್ಯಾಪಾರಿಯ ಭಾಷೆಯಲ್ಲಿ ಅದು 480 ಗೇಜು. ಮಳೆಗಾಲಕ್ಕೆ ಮಷಿನ್ ಮುಚ್ಚಲು ತರುವ ಹಾಳೆಯಲ್ಲಿ ಮೋಸ ಬಹಳ, ಮೈಕ್ರೋಮೀಟರ್‌ಗೆ ಮೆತ್ತಗಿನ ಹಾಳೆ ಸರಿಯಾಗಿ ಸಿಗುವುದೂ ಇಲ್ಲ. ತೂಕ ಮಾಡುವುದೇ ದಾರಿ. 100 ಮೈಕ್ರಾನಿನ ಎಲ್‌ಡಿ (ಮೆತ್ತಗಿನ ಪಾಲಿಥೀನ್) ಹಾಳೆ ಒಂದು ಚದರ ಮೀಟರಿಗೆ 92 ಗ್ರಾಂ ತೂಗಬೇಕು. 70 ಬಂದರೆ ನಾನೂರು ಅಂತ ಕೊಟ್ಟದ್ದು ಮುನ್ನೂರು.

ದಪ್ಪದ ಗೇಜು ಬಿಟ್ಟರೂ ಈ ಶಬ್ದ ಸುಮ್ಮನಿರುವುದಿಲ್ಲ. ರೈಲಿನಲ್ಲಿ ಅದು ಎರಡು ಹಳಿಗಳ ಒಳಮುಖದ ನಡುವಿನ ಅಂತರ. ಕಾಕಾನ ವಯಸ್ಸಿನವರಿಗೆ ಈ ಅರ್ಥ ಮೈಗೆ ಗೊತ್ತು: ಪುಣೆಯಿಂದ ಊರಿಗೆ ಹೊರಟರೆ ಸೊಲ್ಲಾಪುರದಲ್ಲಿ 1676 ಮಿ.ಮೀ.ನ ಬ್ರಾಡ್‌ಗೇಜ್ ಗಾಡಿ ಇಳಿದು, ಟ್ರಂಕು ಹೊತ್ತು 1000 ಮಿ.ಮೀ.ನ ಮೀಟರ್‌ಗೇಜ್ ಗಾಡಿ ಹತ್ತಬೇಕಿತ್ತು. ಇವತ್ತು ಶಿವಾಜಿನಗರದಲ್ಲಿ ರೈಲು ಇಳಿದು ಮೆಟ್ರೊ ಹತ್ತುವವರು ಅದೇ ಥರ 1676ರಿಂದ 1435ಕ್ಕೆ ದಾಟುತ್ತಾರೆ, ಗೊತ್ತೇ ಆಗುವುದಿಲ್ಲ. ಅದೇ ಶಿವಾಜಿನಗರದಲ್ಲಿ ಹವಾಮಾನ ಇಲಾಖೆಯ ಕಚೇರಿ ಇದೆ. ಅವರ ಕೈಯಲ್ಲಿ ಗೇಜು ಅಂದರೆ ಮಳೆಮಾಪಕ, ಬೆಳಿಗ್ಗೆ 8:30ಕ್ಕೆ ಓದುವ ಪಾತ್ರೆ. 200 ಚದರ ಸೆಂ.ಮೀ. ಬಾಯಿಯ ಮಾಪಕದಲ್ಲಿ 20 ಮಿ.ಲೀ. ನೀರು ಅಂದರೆ 1 ಮಿ.ಮೀ. ಮಳೆ. ಅದೇ ನೀರನ್ನು 100 ಚದರ ಸೆಂ.ಮೀ. ಬಾಯಿಗೆ ಮಾಡಿದ ಅಳತೆ ಗ್ಲಾಸಿಗೆ ಸುರಿದರೆ 2 ಮಿ.ಮೀ. ಅನ್ನುತ್ತದೆ. ಗ್ಲಾಸು ಒಡೆದಾಗ ಕೈಗೆ ಸಿಕ್ಕದ್ದು ಬಳಸಿದರೆ ಆ ಊರಿನ ಮಳೆ ಕಾಗದದಲ್ಲಿ ದುಪ್ಪಟ್ಟಾಗುತ್ತದೆ.

ಕಂಪ್ರೆಸರ್ ಮೇಲಿನ ಗೇಜಿಗೆ ಇನ್ನೊಂದು ಗುಣ ಇದೆ. ಅಲ್ಲಿ ಕೇಳಬೇಕಾದದ್ದು "ಯಾವ ಸೊನ್ನೆಯಿಂದ?" ಅಂತ. ಮುಳ್ಳು ಸೊನ್ನೆಯಲ್ಲಿದ್ದಾಗಲೂ ಟ್ಯಾಂಕಿನೊಳಗೆ ಹೊರಗಿನಷ್ಟೇ ಗಾಳಿ ಇದೆ, ಪುಣೆಯ ಎತ್ತರಕ್ಕೆ ಸುಮಾರು 0.95 ಬಾರ್. ಮುಳ್ಳು 7 ಬಾರ್ ತೋರಿಸಿದರೆ ನಿಜವಾದ ಒತ್ತಡ 7.95. ಆದ್ದರಿಂದ ಗಾಳಿ ಏಳು ಪಟ್ಟು ಕುಗ್ಗಿಲ್ಲ, ಎಂಟು ಪಟ್ಟಿಗೂ ಮೀರಿ ಕುಗ್ಗಿದೆ. ಲೀಕ್ ಟೆಸ್ಟಿನಲ್ಲಿ ಇದು ನಿಜವಾದ ಹಾನಿ ಮಾಡುತ್ತದೆ. ಡ್ರಾಯಿಂಗ್‌ನಲ್ಲಿ "2 ಬಾರ್" ಅಂತ ಬರೆದು ಬಿಟ್ಟಿದ್ದಾರೆ, ಟೆಸ್ಟ್ ಬೆಂಚಿನಲ್ಲಿ ಕೂರಿಸಿದ್ದು ನಿರ್ವಾತದಿಂದ ಎಣಿಸುವ ಸೆನ್ಸರ್. ಡಿಸ್‌ಪ್ಲೇ 2 ತೋರಿಸಿದಾಗ ಗೋಡೆಯ ಮೇಲೆ ಬಿದ್ದ ಒತ್ತಡ ಒಂದೇ ಚಿಲ್ಲರೆ. ಅರ್ಧ ಪರೀಕ್ಷೆ ಮಾಡಿದ ಮಾಲು ಪಾಸ್ ಆಗಿ ಹೊರಗೆ ಹೋಗುತ್ತದೆ. ಮುಳ್ಳಿನ ಗೇಜು ಆರಿಸುವಾಗಲೂ ರೋಜ್ ಓಡುವ ಒತ್ತಡ ಡಯಲ್‌ನ ಅರ್ಧದಿಂದ ಮುಕ್ಕಾಲಿನ ಒಳಗೆ ಬರಬೇಕು. 7ಕ್ಕೆ 0–10 ಸಾಕು, 0–25 ಹಾಕಿದರೆ ಅರ್ಧ ಬಾರ್ ಏರುಪೇರು ಕಣ್ಣಿಗೇ ಬೀಳದು. ಅದುರುವ ಮಷಿನ್ ಆದರೆ ಗ್ಲಿಸರಿನ್ ತುಂಬಿದ್ದು ಬೇಕು. ಸ್ಟೀಮ್ ಲೈನಿಗೆ ನಡುವೆ ಸುರುಳಿ ಸೈಫನ್ ಇಲ್ಲದಿದ್ದರೆ ಒಳಗೆ ಮುಳ್ಳು ತಿರುಗಿಸುವ ಬೋರ್ಡನ್ ಕೊಳವೆಗೆ ನೇರ ಬಿಸಿ ತಾಗಿ ಅದು ಹಾಳಾಗುತ್ತದೆ.

ಇವೆಲ್ಲದರ ನಡುವೆ ಪ್ರಾಮಾಣಿಕವಾದ ಒಂದು ಗೇಜು ಇದೆ, ಗೋ–ನೋಗೋ ಪ್ಲಗ್. 20 ಎಚ್7, ಅಂದರೆ 20 ಮಿ.ಮೀ.ಗಿಂತ 0.021ರಷ್ಟು ಮಾತ್ರ ದೊಡ್ಡದಿರಬಹುದಾದ ತೂತಿಗೆ ಒಂದು ತುದಿ 20.000, ಇನ್ನೊಂದು 20.021. ಮೊದಲನೆಯದು ತನ್ನ ಭಾರದಲ್ಲೇ ಒಳಗೆ ಇಳಿಯಬೇಕು, ಕೆಂಪು ಬಳಿದ ಎರಡನೆಯದು ಇಳಿಯಬಾರದು. ಅದು ಯಾವ ಸಂಖ್ಯೆಯನ್ನೂ ಹೇಳುವುದಿಲ್ಲ, ಹೌದು ಅಥವಾ ಇಲ್ಲ ಅನ್ನುತ್ತದೆ. ಯಾವುದರ ಗೇಜು ಅನ್ನುವುದು ಅದರ ಹಿಡಿಯ ಮೇಲೇ ಕೊರೆದಿರುತ್ತದೆ.

ಅಂಗಡಿಗೆ ಮರಳಿದರೆ, ಆ ಹುಡುಗನ ಬಗ್ಗೆ ಒಂದು ಮಾತು ಹೇಳಲೇಬೇಕು. ಫೋನು ಕಟ್ ಆದ ಮೇಲೆ "ಯಾವುದಾದ್ರೂ ಕೊಡ್ರಿ" ಅಂತ ಅವನು ಅನ್ನಲಿಲ್ಲ. ಬೇರೆ ಯಾರಾದರೂ ಅಂದಿರುತ್ತಿದ್ದರು. ಸಾಲಿನಲ್ಲಿದ್ದವರು ಗೊಣಗುತ್ತಿದ್ದರೂ ಪಕ್ಕಕ್ಕೆ ಸರಿದು ಇನ್ನೊಬ್ಬರಿಗೆ ಫೋನು ಮಾಡಿದ, ಲೇಸರ್ ಮಷಿನ್ ನಡೆಸುವ ಗೆಳೆಯನಿಗೆ. ಡ್ರಾಯಿಂಗ್‌ನ ಫೋಟೊ ವಾಟ್ಸ್ಯಾಪಿನಲ್ಲಿ ಬಂತು. ಕಾಕಾ ಕನ್ನಡಕ ಏರಿಸಿ ಮೂಲೆಯ ಚೌಕವನ್ನು ದೊಡ್ಡದು ಮಾಡಿ ನೋಡಿದರು. ಜಿಐ, 120 ಜಿಎಸ್‌ಎಂ (ಚದರ ಮೀಟರಿಗೆ 120 ಗ್ರಾಂ ಸತುವು), ದಪ್ಪ 1.2 ಮಿ.ಮೀ. ಡ್ರಾಯಿಂಗ್ ಮಾಡಿದವನು ಮಿ.ಮೀ.ನಲ್ಲೇ ಬರೆದಿದ್ದ. ಕಾರ್ಖಾನೆ ತಗಡು ಉರುಳಿಸುವುದೂ ಮಿ.ಮೀ.ನಲ್ಲೇ, ಬಂಡಲಿನ ಸ್ಟಿಕ್ಕರ್ ಮೇಲೂ ಮಿ.ಮೀ. ನಡುವೆ ಒಬ್ಬರು ಅದನ್ನು ಗೇಜು ಮಾಡಿದರು, ಅಂಗಡಿಯವರು ಅದನ್ನು ಮತ್ತೆ ಮಿ.ಮೀ. ಮಾಡಬೇಕಾಯಿತು. ಮಳೆಮಾಪಕ, ಒತ್ತಡಮಾಪಕ ಅಂತೆಲ್ಲ ಕನ್ನಡ ಮಾಡಿಕೊಂಡಿದ್ದೇವೆ, ತಗಡಿನ ಗೇಜಿಗೆ ಬೇಕಾದ ಶಬ್ದ ಮೊದಲಿನಿಂದಲೂ ಮನೆಯಲ್ಲೇ ಇತ್ತು: ದಪ್ಪ. ಕಾಕಾ ಕೊನೆಗೆ ಕೇಳಿದ್ದೂ ಅದನ್ನೇ. "ದಪ್ಪ ಎಷ್ಟ್ ಬರದಾರ ಓದು ತಮ್ಮಾ."

ಬಂಡಲಿನಿಂದ ಒಂದು ಶೀಟು ಎಳೆದು ಕಾಕಾ ಮೈಕ್ರೋಮೀಟರ್ ಹುಡುಗನ ಕೈಗೇ ಕೊಟ್ಟರು. ಅವನು ತುದಿಗೆ ಹಚ್ಚಲು ಹೋದ. ಅವರು ಅವನ ಮಣಿಕಟ್ಟು ಹಿಡಿದು ಅಂಚಿನಿಂದ ಬೆರಳಗಲ ಒಳಕ್ಕೆ ಸರಿಸಿದರು, ಕತ್ತರಿಸಿದ ಅಂಚಿನಲ್ಲಿ ಬರ್, ಅಂದರೆ ಚೂಪು ಏಣು, ಎದ್ದಿರುತ್ತದೆ ಅಂತ. ಹಿಂದಿನ ರ‍್ಯಾಚೆಟ್ ಮಾತ್ರ ತಿರುಗಿಸು, ಮೂರು ಸಲ ಟಿಕ್ ಅನ್ನಲಿ. ನಾಲ್ಕು ಮೂಲೆಯಲ್ಲಿ ನೋಡಿದ: 1.19, 1.20, 1.20, 1.18. ಚೀಟಿಯ ಹಿಂಬದಿಯಲ್ಲಿ ಅವನೇ ಬರೆದ: ಜಿಐ, 1.2 ಮಿ.ಮೀ., 120 ಜಿಎಸ್‌ಎಂ, 2440 × 1220, 12 ಶೀಟು. ಅಷ್ಟರಲ್ಲಿ ಕಾಕಾ ಕ್ಯಾಲ್ಕುಲೇಟರ್ ಇಲ್ಲದೆ, ಶೀಟಿಗೆ 28 ಕೆ.ಜಿ., ಒಟ್ಟು 336 ಅಂತ ಹೇಳಿ ತೂಕದ ಕಾಟಾದ ಕಡೆ ನೋಡಿದರು. ಕಾಟಾ 334 ತೋರಿಸಿತು. ಹುಡುಗ ಆ ಅಂಕಿಯನ್ನೂ ಚೀಟಿಯಲ್ಲಿ ಬರೆದುಕೊಂಡು ಟೆಂಪೊ ಹತ್ತಿದ.