ಮೂರನೇ ಗೇರು

1997, ನಮ್ಮ ಓದಿನ ಕೊನೆಯ ವರ್ಷ. ವರ್ಕ್‌ಶಾಪ್‌ನ ಸಾಮಾನು ಸಾಗಿಸೋಕೆ ಮೂರು ಚಕ್ರದ ಗಾಡಿ ಕಟ್ಟೋಣ ಅಂತ ನಾಲ್ವರು ಹೊರಟೆವು. ಪಂಪ್‌ಸೆಟ್ಟಿನ ಪೆಟ್ರೋಲ್ ಎಂಜಿನ್ ಸಿಕ್ಕಿತ್ತು. ಅದಕ್ಕೆ ಗೇರ್ ಇಲ್ಲ. ಯಾವುದೋ ಬೈಕಿನ ಗೇರ್‌ಬಾಕ್ಸ್ ತಂದು ಕೂರಿಸಿದರಾಯ್ತು ಅಂದುಕೊಂಡೆವು.

ವರ್ಕ್‌ಶಾಪ್ ಮೇಷ್ಟ್ರು ಬಿಚ್ಚಿಟ್ಟಿದ್ದ ಯಮಹಾ ಆರ್‌ಎಕ್ಸ್ 100 ಬೈಕಿನ ಎಂಜಿನ್ ಮುಂದೆ ನಮ್ಮನ್ನು ನಿಲ್ಲಿಸಿದರು. "ಇದರ ಗೇರ್‌ಬಾಕ್ಸ್ ಬೇರೆ ಮಾಡಿ ತೋರಿಸ್ರಪ್ಪ" ಅಂದರು. ಕ್ರ್ಯಾಂಕು, ಕ್ಲಚ್ಚು, ಗೇರು ಎಲ್ಲ ಒಂದೇ ಕೇಸಿನೊಳಗೆ. ಬೇರೆ ಮಾಡೋದು ಎಲ್ಲಿಂದ? "ಹಳೇ ಬುಲೆಟ್‌ದು ಹುಡುಕಿ. ಅದರ ಆಲ್ಬಿಯನ್ ಅನ್ನೋ ಗೇರ್‌ಬಾಕ್ಸ್ ಎಂಜಿನ್ ಹಿಂದೆ ಬೋಲ್ಟ್ ಮಾಡಿರ್ತಾರೆ, ಇಡಿಯಾಗಿ ಕಳಚಿ ಬರುತ್ತೆ."

ಬೆಂಗಳೂರಿನ ಜೆ.ಸಿ. ರಸ್ತೆಯ ಹೊಸ ಸ್ಪೇರ್ಸ್ ನಮ್ಮ ಜೇಬಿಗೆ ಆಗುತ್ತಿರಲಿಲ್ಲ. ಶಿವಾಜಿನಗರದ ಗುಜರಿಗೆ ಮೂರು ವಾರ ಅಲೆದೆವು. ಕೊನೆಗೆ ಒಂದು ಅಂಗಡಿಯ ಮೂಲೆಯಲ್ಲಿ ಗ್ರೀಸು, ಮಣ್ಣು ಮೆತ್ತಿದ ಬಾಕ್ಸ್ ಕಂಡಿತು. ಅಂಗಡಿಯ ಹಿರಿಯರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು.

ದುಡ್ಡು ತೆಗೆಯಲು ಹೋದರೆ ಅವರೇ ತಡೆದರು. ಚೈನು ಕೂರುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್ಟಿನ ಒಂದು ಹಲ್ಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. "ಫಸ್ಟ್ ಹಾಕಿ ಕ್ಲಚ್ ಹಬ್ ತಿರುಗ್ಸಿ. ಎಣಿಸಿ." ಎಂಜಿನ್ನಿನ ಬಲ ಬಾಕ್ಸಿಗೆ ಬರೋದು ಆ ಹಬ್ ಮೂಲಕ. ಹಬ್ ಮೂರು ಸುತ್ತು ಮುಗಿಸುವ ಮೊದಲೇ ಗುರುತು ಒಂದು ಸುತ್ತು ಮುಗಿಸಿ ಬಂತು. ಪುಸ್ತಕದಲ್ಲಿದ್ದ 2.8ರ ಅನುಪಾತ ಅಂಗೈಯಲ್ಲೇ ಸಿಕ್ಕಿತ್ತು! ಟಾಪ್‌ನಲ್ಲಿ ಎರಡೂ ಸಮಸಮ ತಿರುಗಿದವು. ಆಮೇಲೆ ಮೂರನೇ ಗೇರು. ನನ್ನ ಕೈಗೆ ಬಟ್ಟೆ ಕೊಟ್ಟು ಸ್ಪ್ರಾಕೆಟ್ಟನ್ನು ಬಿಗಿಯಾಗಿ ಹಿಡಿಯಲು ಹೇಳಿ, ತಾವು ಹಬ್ ತಿರುಗಿಸಿದರು. ಟಕ್ ಅಂತ ಜಾರಿತು. ಪಕ್ಕದ ಗೇರನ್ನು ಕಚ್ಚಿ ಹಿಡಿಯುವ ಮೊಳೆಯಂಥ ಹಲ್ಲು, ಡಾಗ್, ಸವೆದು ಮೂಲೆ ದುಂಡಗಾಗಿತ್ತು. ಸುಮ್ನೆ ಮಾರಿಬಿಡಬಹುದಿತ್ತು, ಅಲ್ವಾ? ಅವರು ಇನ್ನೊಂದು ಮುರುಕು ಬಾಕ್ಸ್ ಬಿಚ್ಚಿ, ಒಳ್ಳೆ ಗೇರು ಆರಿಸಿ, ನಮ್ಮ ಕೈಯಲ್ಲೇ ಹಾಕಿಸಿದರು. ಎಲ್ಲ ಸೇರಿ 1,100 ರೂಪಾಯಿ.

ಕೂರಿಸೋದು ಇನ್ನೂ ಕಷ್ಟವಾಯಿತು. ಬಾಕ್ಸ್ ಕೂರಿಸಿದ್ದ 5 ಮಿ.ಮೀ. ಪ್ಲೇಟ್ ಬಗ್ಗಿ ಚೈನು ಕಳಚಿತು. 8 ಮಿ.ಮೀ. ಹಾಕಿ, ಬೋಲ್ಟಿಗೆ ಉದ್ದನೆ ತೂತು ಕೊರೆದೆವು. ಬಾಕ್ಸನ್ನು ಹಿಂದೆಮುಂದೆ ಸರಿಸಿ ಚೈನು ಬಿಗಿ ಮಾಡಬೇಕಲ್ಲ. ಎಂಜಿನ್ನಿನದು, ಬಾಕ್ಸಿನದು, ಎರಡೂ ಸ್ಪ್ರಾಕೆಟ್ ಒಂದೇ ಸಾಲಿಗೆ ಬರುವವರೆಗೆ ಮೇಷ್ಟ್ರು ಉಕ್ಕಿನ ಪಟ್ಟಿ ಇಟ್ಟು ಇಟ್ಟು ನೋಡಿದರು. ರಿವರ್ಸ್ ಮಾತ್ರ ಇರಲಿಲ್ಲ, ಹಿಂದಕ್ಕೆ ಕೈಯಲ್ಲೇ ತಳ್ಳುತ್ತಿದ್ದೆವು.

ಈಗಿನ ಬುಲೆಟ್‌ಗಳಲ್ಲಿ ಗೇರು ಎಂಜಿನ್ ಕೇಸಿನೊಳಗೇ ಇದೆ. ನಿಮಗೂ ಬಿಡಿ ಬಾಕ್ಸ್ ಬೇಕಾದರೆ ಹಳೇ ಕಾಸ್ಟ್ ಐರನ್ ಎಂಜಿನ್ನಿನದನ್ನೇ ಹುಡುಕಿ, ಸೀಮೆಸುಣ್ಣ ಮರೆಯಬೇಡಿ.

ಗಾಡಿಯನ್ನು ಮೊದಲು ಓಡಿಸಿದವರು ಮೇಷ್ಟ್ರೇ. ಹಿಂದೆ ಕಬ್ಬಿಣ ಹೇರಿದ್ದೆವು. ಬಲಗಾಲಲ್ಲಿ ಗೇರ್ ಲಿವರ್ ಫಸ್ಟ್‌ಗೆ ಒಂದು ಮೇಲೆ, ಸೆಕೆಂಡ್‌ಗೆ ಒಂದು ಕೆಳಗೆ. ಮೂರನೇ ಗೇರಿಗೆ ಒತ್ತಿದಾಗ ನಾವು ನಾಲ್ವರೂ ಉಸಿರು ಬಿಗಿಹಿಡಿದು ಪಕ್ಕದಲ್ಲೇ ಓಡುತ್ತಿದ್ದೆವು. ಜಾರಲಿಲ್ಲ.